ಪೀಠದಡಿಯ ಪಾಠ

ಅತನೂರ ಕಡೆಯ ಹುಡುಗರು ಡಿಗ್ರಿ ಓದಬೇಕೆಂದರೆ ಅಫಜಲಪುರದ ಬಸ್ಸನ್ನೋ ಕಲಬುರಗಿಯ ಬಸ್ಸನ್ನೋ ಹತ್ತುತ್ತಾರೆ. ಬಿ.ಎ. ಸೇರಿದವರು ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ ಆರಿಸಿಕೊಂಡರೆ ಯಾರೂ ಹುಬ್ಬೇರಿಸುವುದಿಲ್ಲ. ಅದರ ಬದಲು ‘ಜಗತ್ತಿನ ಧರ್ಮಗಳನ್ನೇ ಮೂರು ವರ್ಷ ಓದುತ್ತೇನೆ’ ಎಂದು ಒಬ್ಬ ಹೇಳಿದ ಎನ್ನಿ, ಮನೆಯಲ್ಲಿ ಬರುವ ಮೊದಲ ಪ್ರಶ್ನೆ: ‘ಏನೋ ತಮ್ಮಾ, ಸ್ವಾಮಿ ಆಗಾಂವ ಇದ್ದೀ ಏನು?’ ಕೇಳುವುದರಲ್ಲಿ ತಪ್ಪಿಲ್ಲ. ಆದರೆ ಆ ಓದಿನ ಬಹು ಹಳೆಯ ಪಾಠವೊಂದು ಸಿಕ್ಕಿದ್ದು ಇವರದೇ ಹೊಳೆಯ ದಂಡೆಯಲ್ಲಿ. ಅದೂ ಒಂದು ಗುಡಿಯ ಮಾಳಿಗೆ ಕುಸಿದದ್ದರಿಂದ.

ಅಫಜಲಪುರ ತಾಲ್ಲೂಕನ್ನು ಬಳಸಿ, ಗಾಣಗಾಪುರದಲ್ಲಿ ಅಮರ್ಜೆಯನ್ನು ಕೂಡಿಸಿಕೊಂಡು, ಜೇವರ್ಗಿಯನ್ನು ದಾಟಿ ಭೀಮಾ ಕೆಳಗಿಳಿದರೆ ಸನ್ನತಿ ಸಿಗುತ್ತದೆ. ಚಿತ್ತಾಪುರ ತಾಲ್ಲೂಕಿನ ಊರು, ಚಂದ್ರಲಾಂಬೆಯ ಕ್ಷೇತ್ರ. ಎಷ್ಟೋ ಮನೆತನಗಳಿಗೆ ಆಕೆ ಕುಲದೇವತೆ. ಆ ಆವರಣದಲ್ಲೇ ಕಾಳಿಯದೂ ಒಂದು ಗುಡಿ. 1980ರ ದಶಕದ ಉತ್ತರಾರ್ಧದಲ್ಲಿ ಅದರ ಚಾವಣಿ ಕುಸಿದು ದೇವಿಯ ಮೂರ್ತಿ ಒಡೆಯಿತು. ಊರಿಗೆ ಅದು ಅಪಶಕುನವೇ ಸರಿ. ಆದರೆ ಮೂರ್ತಿಯನ್ನು ಹೊತ್ತಿದ್ದ ಪೀಠದ ಕಲ್ಲಿನ ಮೇಲೆ ಅಕ್ಷರಗಳು ಕಂಡವು. ಲಿಪಿ ಬ್ರಾಹ್ಮಿ, ಭಾಷೆ ಪ್ರಾಕೃತ, ಮಾತು ಅಶೋಕನದು. ಬ್ರಾಹ್ಮಿಯನ್ನು ಜೇಮ್ಸ್ ಪ್ರಿನ್ಸೆಪ್ 1837ರಲ್ಲೇ ಬಿಡಿಸಿದ್ದನಾದ್ದರಿಂದ ಓದುವುದಕ್ಕೆ ವಿದ್ವಾಂಸರು ತಿಣುಕಬೇಕಾಗಲಿಲ್ಲ. ಸುಮಾರು 2,200 ವರ್ಷಗಳ ಹಿಂದಿನ ರಾಜಾಜ್ಞೆಯ ಮೇಲೆ ದೇವಿ ನಿಂತಿದ್ದಳು. ದಿನವೂ ಪೂಜೆ ನಡೆದಿತ್ತು.

ಸನ್ನತಿಯಲ್ಲಿ ಏನೋ ಇದೆ ಎಂಬ ವಾಸನೆ ಅದಕ್ಕೂ ಮೊದಲೇ ಹಿಡಿದಿದ್ದವರು ಕಪಟರಾಳ ಕೃಷ್ಣರಾವ್. 1950ರ ದಶಕದಲ್ಲಿ ಇಲ್ಲಿ ಅಡ್ಡಾಡಿ ಹಳೆಯ ಶಾಸನಗಳನ್ನೂ ಬೌದ್ಧ ಅವಶೇಷಗಳನ್ನೂ ಗುರುತಿಸಿದರು. ಕರ್ನಾಟಕದ ಲಾಕುಳ ಶೈವರ ಇತಿಹಾಸ ಬರೆದ ವಿದ್ವಾಂಸರೇ ಬುದ್ಧನ ಜಾಡನ್ನೂ ತೋರಿಸಿಕೊಟ್ಟರು ಎಂಬುದು ನನಗೆ ಬಹಳ ಹಿಡಿಸುವ ಸಂಗತಿ. ಒಂದು ಮತವನ್ನು ಆಳವಾಗಿ ಓದಿದ ಕಣ್ಣಿಗೆ ಪಕ್ಕದ ಮತದ ಕಲ್ಲು ಬೇಗ ಕಾಣುತ್ತದೆಯೋ ಏನೋ.

ಈಗ ಆ ಕಲ್ಲಿನ ವಿಷಯ. ಎರಡೂ ಮಗ್ಗುಲಲ್ಲಿ ಬರಹವಿದೆ. ಒಂದು ಕಡೆ ಅಶೋಕನ ಹನ್ನೆರಡನೆಯ ಮತ್ತು ಹದಿನಾಲ್ಕನೆಯ ಶಿಲಾಶಾಸನಗಳು. ಇನ್ನೊಂದು ಕಡೆ, ಒಡಿಶಾದ ಧೌಲಿ ಮತ್ತು ಜೌಗಡದಲ್ಲೂ ಇರುವ ಎರಡು ಪ್ರತ್ಯೇಕ ಶಾಸನಗಳು. ನನ್ನ ಕತೆಗೆ ಬೇಕಾದದ್ದು ಹನ್ನೆರಡನೆಯದು. ಅದರಲ್ಲಿ ಯುದ್ಧವಿಲ್ಲ, ತೆರಿಗೆಯಿಲ್ಲ. ಇರುವುದು ಬೇರೆಯವರ ಧರ್ಮವನ್ನು ಹೇಗೆ ಅರಿಯಬೇಕು ಎಂಬ ವಿಚಾರ. ತನ್ನ ಮತದ ಮೇಲಿನ ಅಭಿಮಾನಕ್ಕೆ ಇನ್ನೊಂದನ್ನು ಹಳಿಯುವವನು ತನ್ನದಕ್ಕೇ ಹೆಚ್ಚು ಕೆಡುಕು ಮಾಡುತ್ತಾನೆ, ನಾಲಗೆ ಹಿಡಿತದಲ್ಲಿರಲಿ, ಒಬ್ಬರ ಧರ್ಮವನ್ನು ಇನ್ನೊಬ್ಬರು ಕೇಳಲಿ, ಎಲ್ಲ ಪಂಥದವರೂ ಬಹುಶ್ರುತರಾಗಲಿ ಎಂಬುದು ಅದರ ಸಾರ. ‘ಬಹುಶ್ರುತ’ ಎಂದರೆ ನಾವು ಈಗ ತುಂಬಾ ಓದಿದವನು ಎಂದುಕೊಳ್ಳುತ್ತೇವೆ. ಪದದೊಳಗೆ ಇರುವುದು ಮಾತ್ರ ಕಿವಿ, ತುಂಬಾ ಕೇಳಿಸಿಕೊಂಡವನು.

ಇನ್ನೊಂದು ಪದದ ಗತಿ ಇದಕ್ಕಿಂತ ವಿಚಿತ್ರ. ಪಂಥ ಎನ್ನಲು ಅಶೋಕ ಬಳಸುವ ಮಾತು ‘ಪಾಸಂಡ’. ತನ್ನವರೂ ಪಾಸಂಡರೇ, ಪರರೂ ಪಾಸಂಡರೇ; ಅದರಲ್ಲಿ ನಿಂದೆಯ ಸೋಂಕಿಲ್ಲ. ಅದೇ ಮಾತು ನಮ್ಮ ಬಾಯಿಗೆ ಬರುವ ಹೊತ್ತಿಗೆ ಪಾಷಂಡಿ, ಪಾಖಂಡಿ ಎಂಬ ಬೈಗುಳವಾಗಿದೆ. ಧರ್ಮಗಳ ಅಧ್ಯಯನಕ್ಕೆ ಪಠ್ಯಪುಸ್ತಕ ಬರೆಯುವವರು ಮೊದಲ ಅಧ್ಯಾಯವನ್ನು ಈ ಒಂದು ಪದದ ಮೇಲೆಯೇ ಬರೆಯಬಹುದು.

ಪಠ್ಯದ ಮಾತು ಬಂತು. ಸ್ವತಂತ್ರ ಭಾರತದಲ್ಲಿ ಇಂಥ ಓದನ್ನು ಡಿಗ್ರಿಗೆ ತರಬೇಕೆಂದು ಬರೆದಿಟ್ಟವರು ಸರ್ವೇಪಲ್ಲಿ ರಾಧಾಕೃಷ್ಣನ್. 1918ರಿಂದ 1921ರವರೆಗೆ ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ತತ್ವಶಾಸ್ತ್ರ ಕಲಿಸಿದವರು. ಅವರ ಅಧ್ಯಕ್ಷತೆಯ ವಿಶ್ವವಿದ್ಯಾಲಯ ಶಿಕ್ಷಣ ಆಯೋಗ 1949ರಲ್ಲಿ ವರದಿ ಕೊಟ್ಟಿತು. ಅದರ ಯೋಜನೆ ಸರಳವಾಗಿತ್ತು. ಡಿಗ್ರಿಯ ಮೊದಲ ವರ್ಷ ಬುದ್ಧ, ಕನ್‌ಫ್ಯೂಷಿಯಸ್, ಜರತುಷ್ಟ್ರ, ಸಾಕ್ರೆಟಿಸ್, ಯೇಸು, ಶಂಕರ, ರಾಮಾನುಜ, ಮಧ್ವ, ಮಹಮ್ಮದ್, ಕಬೀರ, ನಾನಕ್, ಗಾಂಧಿ ಇವರ ಬದುಕು. ಎರಡನೆಯ ವರ್ಷ ಜಗತ್ತಿನ ಧರ್ಮಗ್ರಂಥಗಳಿಂದ ಆಯ್ದ, ಎಲ್ಲರಿಗೂ ಸಲ್ಲುವ ಭಾಗಗಳು. ಮೂರನೆಯ ವರ್ಷ ಧರ್ಮದ ತತ್ವಶಾಸ್ತ್ರದ ಮುಖ್ಯ ಪ್ರಶ್ನೆಗಳು. ಬಸವಣ್ಣ ಆ ಪಟ್ಟಿಯಲ್ಲಿಲ್ಲ. ಕಲಬುರಗಿಯವರು ಬರೆದಿದ್ದರೆ ಇರುತ್ತಿದ್ದ, ಸೂಫಿ ಸಂತ ಬಂದೇನವಾಜರೂ ಹಿಂದೆಯೇ ಬರುತ್ತಿದ್ದರು.

ಮರುವರ್ಷ ಜಾರಿಯಾದ ಸಂವಿಧಾನದ 28ನೇ ವಿಧಿ, ಪೂರ್ತಿ ಸರ್ಕಾರಿ ಹಣದಲ್ಲಿ ನಡೆಯುವ ಸಂಸ್ಥೆಗಳಲ್ಲಿ ಧಾರ್ಮಿಕ ಬೋಧನೆಯನ್ನು ನಿಷೇಧಿಸಿತು. ಧರ್ಮವನ್ನು ಬೋಧಿಸುವುದು ಬೇರೆ, ಧರ್ಮದ ಬಗ್ಗೆ ಓದುವುದು ಬೇರೆ. ಆದರೆ ಕಾಲೇಜುಗಳು ಎರಡರಿಂದಲೂ ದೂರ ಉಳಿದದ್ದೇ ಹೆಚ್ಚು. 1967ರಲ್ಲಿ ಇಂಗ್ಲೆಂಡಿನ ಲ್ಯಾಂಕಾಸ್ಟರಿನಲ್ಲಿ ನಿನಿಯನ್ ಸ್ಮಾರ್ಟ್ ಧರ್ಮಗಳ ಅಧ್ಯಯನಕ್ಕೇ ವಿಭಾಗ ಕಟ್ಟಿದ. ಅದೇ ವರ್ಷ ಪಟಿಯಾಲದ ಪಂಜಾಬಿ ವಿಶ್ವವಿದ್ಯಾಲಯದಲ್ಲೂ ಒಂದು ಹುಟ್ಟಿತು. ಮೈಸೂರು ವಿಶ್ವವಿದ್ಯಾಲಯ ಜೈನಶಾಸ್ತ್ರ ಮತ್ತು ಪ್ರಾಕೃತಕ್ಕೆ ಜಾಗ ಕೊಟ್ಟಿತು, ಅದು ಒಂದೇ ಧರ್ಮದ ಓದು. ಇನ್ನು ರಾಧಾಕೃಷ್ಣನ್ ವರದಿ ಅಚ್ಚಾಗುವಾಗ ಸನ್ನತಿಯ ಕಲ್ಲು ಕಾಳಿಯ ಪಾದದಡಿಯಲ್ಲಿ ಬಾಯಿಮುಚ್ಚಿಕೊಂಡೇ ಇತ್ತು.

ಕಲ್ಲು ಮಾತಾಡಿದ ಮೇಲೆ ಪುರಾತತ್ವ ಇಲಾಖೆಯ ಗುದ್ದಲಿ ಹತ್ತಿರದ ಕನಗನಹಳ್ಳಿಗೂ ತಿರುಗಿತು. ಕೆ.ಪಿ. ಪೂಣಚ್ಚ ಅವರ ನೇತೃತ್ವದಲ್ಲಿ 1990ರ ದಶಕದ ನಡುವಿನಿಂದ ಅಗೆದಂತೆ ದೊಡ್ಡದೊಂದು ಸ್ತೂಪ ಚೂರುಚೂರಾಗಿ ಮೇಲೆದ್ದಿತು. ಶಾಸನಗಳು ಅದನ್ನು ಅಧೋಲೋಕ ಮಹಾಚೈತ್ಯ ಎನ್ನುತ್ತವೆ. ಶಹಾಬಾದಿನ ಪರಸಿಯ ಜಾತಿಯದೇ ಸುಣ್ಣಕಲ್ಲು, ಇಲ್ಲಿಯ ಮನೆಮನೆಯ ನೆಲಕ್ಕೆ ಹಾಸಿರುವಂಥದ್ದು. ಅಂಥದೊಂದು ಹಲಗೆಯ ಮೇಲೆ ರಾಣಿಯೂ ಪರಿಚಾರಿಕೆಯರೂ ಸುತ್ತ ನಿಂತ ಒಬ್ಬ ರಾಜ, ಜೊತೆಗೆ ಬ್ರಾಹ್ಮಿಯಲ್ಲಿ ‘ರಾಯೋ ಅಸೋಕೋ’ ಎಂಬ ಬರಹ. 1915ರಲ್ಲಿ ರಾಯಚೂರು ಸೀಮೆಯ ಮಸ್ಕಿಯಲ್ಲಿ ಚಿನ್ನ ಹುಡುಕುತ್ತಿದ್ದ ಬೀಡನ್ ಎಂಬ ಎಂಜಿನಿಯರನಿಗೆ ಸಿಕ್ಕ ಶಾಸನ, ಶಾಸನಗಳಲ್ಲಿ ಬರುವ ದೇವಾನಾಂಪ್ರಿಯ ಎಂದರೆ ಅಶೋಕನೇ ಎಂದು ಹೆಸರು ಹೇಳಿತ್ತು. ಕನಗನಹಳ್ಳಿ ಆ ಹೆಸರಿಗೆ ಮುಖ ಕೊಟ್ಟಿತು. ಅವನು ಸತ್ತು ಎಷ್ಟೋ ಕಾಲದ ಮೇಲೆ, ಶಾತವಾಹನರ ಹೊತ್ತಿನಲ್ಲಿ, ಶಿಲ್ಪಿ ಊಹಿಸಿ ಕಡೆದ ಮುಖ. ಆದರೂ ಹೆಸರು ಕೆತ್ತಿಟ್ಟ ಅಶೋಕನ ಚಿತ್ರ ಅದು.

ಧರ್ಮಗಳನ್ನು ಓದಹೊರಟ ಕಲಬುರಗಿ ಸೀಮೆಯ ವಿದ್ಯಾರ್ಥಿಗೆ ಪ್ರಾಯೋಗಿಕ ತರಗತಿಗೆ ಬಸ್ ಪಾಸ್ ಒಂದಿದ್ದರೆ ಸಾಕು. ಆಳಂದದಲ್ಲಿ ಲಾಡ್ಲೆ ಮಶಾಕರ ದರ್ಗಾ, ಕಲಬುರಗಿಯಲ್ಲಿ 1422ರಲ್ಲಿ ತೀರಿಕೊಂಡ ಬಂದೇನವಾಜರದು, ಶರಣಬಸವೇಶ್ವರ ಗುಡಿ, ಮಳಖೇಡದಲ್ಲಿ ಬಸದಿಯೂ ಮಠವೂ. ಗಾಣಗಾಪುರದ ನರಸಿಂಹ ಸರಸ್ವತಿಗಳ ಚರಿತ್ರೆಯಲ್ಲಿ ಬೀದರಿನ ಸುಲ್ತಾನ ಹುಣ್ಣು ವಾಸಿಮಾಡಿಸಿಕೊಳ್ಳಲು ಗುರುಗಳ ಬಳಿ ಬರುತ್ತಾನೆ.

ಸನ್ನತಿಯ ಕಲ್ಲಿಗೆ ಮರಳಿದರೆ, ಅದರ ನಡುವೆ ಒಂದು ಚೌಕಾಕಾರದ ದೊಡ್ಡ ತೂತು. ಮೂರ್ತಿಯನ್ನು ನಿಲ್ಲಿಸಲು ಕಲ್ಲುಕುಟಿಗ ಹೊಡೆದದ್ದು. ಅವನಿಗೆ ಬೇಕಾಗಿದ್ದು ಗಟ್ಟಿಯಾದೊಂದು ಚಪ್ಪಡಿ. ಉಳಿ ಸಾಲುಗಳ ಮಧ್ಯದಲ್ಲೇ ಇಳಿದು ಎರಡೂ ಮಗ್ಗುಲಿನ ಅಕ್ಷರಗಳನ್ನು ತಿಂದುಹಾಕಿದೆ. ಆ ಜಾಗಕ್ಕೆ ಬಂದಾಗ ವಿದ್ವಾಂಸರು ಒಂದು ಮಗ್ಗುಲಿಗೆ ಗುಜರಾತಿನ ಗಿರ್ನಾರ್ ಬಂಡೆಯನ್ನೂ ಇನ್ನೊಂದು ಮಗ್ಗುಲಿಗೆ ಧೌಲಿಯ ಬಂಡೆಯನ್ನೂ ಎದುರಿಗಿಟ್ಟುಕೊಂಡು ಓದುತ್ತಾರೆ.