ಅನಾಥಾಲಯವೋ, ಮನೆಯೋ?

ಒಂದು ಧರ್ಮಸಂಸ್ಥೆಯ ಆಯುಸ್ಸು ನೂರೈವತ್ತು ವರ್ಷಗಳನ್ನು ಮೀರಿತೆಂದರೆ ಅದರ ಸತ್ಕಾರ್ಯಗಳನ್ನು ಕೊಂಡಾಡುವುದು ಲೋಕದ ವಾಡಿಕೆ. ಆದರೆ ಅದು ಎಲ್ಲಿ ಸರಿಯಾಗಿ ನಡೆಯಿತು, ಎಲ್ಲಿ ಎಡವಿತು ಎಂಬುದನ್ನು ವಿಚಾರಮಾಡುವುದು ಕೊಂಡಾಟಕ್ಕಿಂತಲೂ ಹೆಚ್ಚು ಪ್ರಯೋಜನಕರವೆಂದು ನಮ್ಮ ಅಭಿಪ್ರಾಯ. ಇಂಗ್ಲೆಂಡಿನ ಬರ್ನಾರ್ಡೊ ಸಂಸ್ಥೆಯು ಅಂತಹ ವಿಚಾರಕ್ಕೆ ತಕ್ಕುದಾಗಿದೆ. ನಿರ್ಗತಿಕರೂ ಪೀಡಿತರೂ ಆದ ಮಕ್ಕಳನ್ನು ಕಾಪಾಡುವ ಕಾರ್ಯವನ್ನು ಅದು 1867ರಿಂದ ನಡೆಸಿಕೊಂಡು ಬಂದಿದೆ. ಆ ದೀರ್ಘಕಾಲದಲ್ಲಿ ಅದು ಕಲಿತ ಮುಖ್ಯಪಾಠವು ಇದು: ಮಗುವನ್ನು ಮನೆಯಿಂದ ಬಿಡಿಸಿ ಕಾಪಾಡುವುದಕ್ಕಿಂತ, ಸಾಧ್ಯವಾದಲ್ಲೆಲ್ಲ ಮನೆಯನ್ನೇ ಕಾಪಾಡಿ ಮಗುವನ್ನು ಉಳಿಸುವುದು ಮೇಲು. ಈ ಪಾಠಕ್ಕೆ ತೆತ್ತ ಬೆಲೆಯು ಅಲ್ಪವಲ್ಲ, ತೆತ್ತವರು ಮಕ್ಕಳು.

ಸಂಸ್ಥಾಪಕನಾದ ಥಾಮಸ್ ಜಾನ್ ಬರ್ನಾರ್ಡೊ 1845ರಲ್ಲಿ ಡಬ್ಲಿನ್ ನಗರದಲ್ಲಿ ಜನಿಸಿದವನು. ಚೀನಾದೇಶದಲ್ಲಿ ಕ್ರೈಸ್ತಮತ ಪ್ರಚಾರಕನಾಗಬೇಕೆಂಬ ಸಂಕಲ್ಪದಿಂದ ವೈದ್ಯವಿದ್ಯೆಯನ್ನು ಕಲಿಯಲು 1866ರಲ್ಲಿ ಲಂಡನ್ನಿಗೆ ಬಂದನು. ಅದೇ ವರ್ಷ ಆ ನಗರದ ಪೂರ್ವಭಾಗದ ಬಡಕೇರಿಗಳಲ್ಲಿ ಕಾಲರಾ ವ್ಯಾಧಿಯು ಹಬ್ಬಿ ಸಾವಿರಾರು ಜನರನ್ನು ಆಹುತಿ ತೆಗೆದುಕೊಂಡಿತು. ಬರ್ನಾರ್ಡೊ ಅಲ್ಲಿಯೇ ನಿಂತು, ಮರುವರ್ಷ ಬಡಮಕ್ಕಳಿಗಾಗಿ ಒಂದು ಪಾಠಶಾಲೆಯನ್ನು ತೆರೆದನು. ಜಿಮ್ ಜಾರ್ವಿಸ್ ಎಂಬ ಹುಡುಗನು ಒಂದು ರಾತ್ರಿ ತನ್ನನ್ನು ಕರೆದೊಯ್ದು, ಚಳಿಯಲ್ಲಿ ಛಾವಣಿಗಳ ಮೇಲೆ ಮಲಗಿದ್ದ ಹುಡುಗರನ್ನು ತೋರಿಸಿದನೆಂದು ಆತನೇ ಬರೆದಿಟ್ಟಿದ್ದಾನೆ. 1870ರಲ್ಲಿ ಸ್ಟೆಪ್ನಿ ಎಂಬಲ್ಲಿ ಹುಡುಗರ ವಸತಿಗೃಹವು ಆರಂಭವಾಯಿತು. ಜಾಗವಿಲ್ಲವೆಂದು ಹಿಂದಕ್ಕೆ ಕಳುಹಿಸಲ್ಪಟ್ಟ ಹನ್ನೊಂದು ವರ್ಷದ ಬಾಲಕನೊಬ್ಬನು ಎರಡು ದಿನಗಳಲ್ಲಿಯೇ ಹಸಿವು ಚಳಿಗಳಿಂದ ಸತ್ತುಬಿದ್ದುದು ಕಂಡುಬಂದಿತು. ಅಂದಿನಿಂದ, ನಿರ್ಗತಿಕವಾದ ಯಾವ ಮಗುವಿಗೂ ಇಲ್ಲಿ ಪ್ರವೇಶವನ್ನು ನಿರಾಕರಿಸುವುದಿಲ್ಲವೆಂಬ ಫಲಕವು ಆ ಗೃಹದ ಬಾಗಿಲಿನಲ್ಲಿ ನಿಂತಿತು. 1905ರಲ್ಲಿ ಬರ್ನಾರ್ಡೊ ತೀರಿಕೊಂಡಾಗ ಸಂಸ್ಥೆಯ 96 ಗೃಹಗಳಲ್ಲಿ 8,500ಕ್ಕೂ ಹೆಚ್ಚು ಮಕ್ಕಳು ಪೋಷಣೆ ಪಡೆಯುತ್ತಿದ್ದರು.

ಆ ಕಾಲದಲ್ಲಿ ಸರ್ಕಾರವು ಬಡವರಿಗಾಗಿ ಏರ್ಪಡಿಸಿದ್ದುದು ‘ವರ್ಕ್‌ಹೌಸ್’ ಎಂಬ ದುಡಿಮೆಯ ಮನೆ. ಅಲ್ಲಿ ತಂದೆಯನ್ನೂ ತಾಯಿಯನ್ನೂ ಮಕ್ಕಳನ್ನೂ ಬೇರೆ ಬೇರೆ ವಿಭಾಗಗಳಲ್ಲಿ ಇರಿಸುತ್ತಿದ್ದರು. ಭೂಮಂಡಲದ ನಾಲ್ಕು ದಿಕ್ಕುಗಳಲ್ಲಿ ಆಳುತ್ತಿದ್ದ ರಾಜ್ಯವು ತನ್ನ ರಾಜಧಾನಿಯ ಮಕ್ಕಳಿಗೆ ಇದಕ್ಕಿಂತ ಹೆಚ್ಚೇನನ್ನೂ ಕೊಡದೆ ಇದ್ದಾಗ, ಬಾಗಿಲು ತೆರೆದಿಟ್ಟ ಪುರುಷನ ಔದಾರ್ಯವನ್ನು ಯಾರೂ ಅಲ್ಲಗಳೆಯಲಾರರು.

ಆದರೆ ಔದಾರ್ಯವೊಂದೇ ಸಾಲದು. ದೀನರ ಹೆಸರಿನಲ್ಲಿ ಹಣವೆತ್ತುವವನಿಗೆ ದೀನರ ದೈನ್ಯವನ್ನು ಹೆಚ್ಚಿಸಿ ತೋರಿಸುವ ಚಾಪಲ್ಯವುಂಟಾಗುತ್ತದೆ. ಮಕ್ಕಳ ಪೂರ್ವಸ್ಥಿತಿ, ಉತ್ತರಸ್ಥಿತಿಗಳನ್ನು ತೋರಿಸುವ ಛಾಯಾಚಿತ್ರಗಳನ್ನು ಸಂಸ್ಥೆಯು ಮಾರುತ್ತಿದ್ದಿತು. 1877ರಲ್ಲಿ ಕೂಡಿದ ಪಂಚಾಯ್ತಿಯು ಆತನ ಮೇಲಿನ ದೊಡ್ಡ ಆಪಾದನೆಗಳನ್ನು ತಳ್ಳಿಹಾಕಿತಾದರೂ, ಕೃತ್ರಿಮವಾಗಿ ಸಜ್ಜುಗೊಳಿಸಿದ ಇಂತಹ ಚಿತ್ರಗಳನ್ನು ಖಂಡಿಸಿತು.

ಇದಕ್ಕಿಂತಲೂ ಗುರುತರವಾದ ದೋಷವು ಮತ್ತೊಂದು. ತಂದೆತಾಯಿಗಳು ಅಯೋಗ್ಯರೆಂದು ತನಗೆ ತೋರಿದಲ್ಲಿ ಮಗುವನ್ನು ಅವರಿಗೆ ತಿಳಿಸದೆಯೇ ಕೊಂಡೊಯ್ಯುವುದು ಧರ್ಮವೆಂದು ಬರ್ನಾರ್ಡೊ ನಂಬಿದ್ದನು. ಹಾಗೆ ಮಾಡಿದುದನ್ನು ಮುಚ್ಚಿಡಲೂ ಇಲ್ಲ. ಅವಿವಾಹಿತಳಾದ ಒಬ್ಬ ಬಡತಾಯಿಯು ತನ್ನ ಮಗನನ್ನು ಈ ಪ್ರೊಟೆಸ್ಟಂಟ್ ಗೃಹದಿಂದ ಬಿಡಿಸಿ, ಕ್ಯಾಥೊಲಿಕ್ ಗೃಹದಲ್ಲಿರಿಸಬೇಕೆಂದು ಕೇಳಿದಾಗ ಆತನು ಒಪ್ಪಲಿಲ್ಲ. ವ್ಯಾಜ್ಯವು ಲಾರ್ಡ್ಸ್ ಸಭೆಯವರೆಗೂ ಹೋಯಿತು. ತಾಯಿಯ ಇಚ್ಛೆಯನ್ನು ಮೊದಲು ಗಣಿಸತಕ್ಕದ್ದೆಂದು 1891ರಲ್ಲಿ ಆ ಸಭೆಯು ತೀರ್ಪಿತ್ತಿತು. ಅದೇ ವರ್ಷ ಪಾರ್ಲಿಮೆಂಟು, ಮಗುವನ್ನು ತ್ಯಜಿಸಿದ ತಂದೆತಾಯಿಗಳಿಗೆ ಅದನ್ನು ಹಿಂದಕ್ಕೆ ಕೊಡಿಸಲು ನಿರಾಕರಿಸುವ ಅಧಿಕಾರವನ್ನು ನ್ಯಾಯಸ್ಥಾನಗಳಿಗೆ ಕೊಟ್ಟಿತು. ಜನರು ಅದನ್ನು ಬರ್ನಾರ್ಡೊ ಕಾಯ್ದೆಯೆಂದೇ ಕರೆದರು. ಹೀಗೆ ಪ್ರಶ್ನೆಯ ಎರಡು ಮುಖಗಳೂ ಒಂದೇ ವರ್ಷದಲ್ಲಿ ಲೋಕಕ್ಕೆ ಕಾಣಿಸಿದುವು. ತ್ಯಜಿಸಿದವರಿಂದ ಮಗುವಿಗೆ ರಕ್ಷಣೆ ಬೇಕು, ನಿಜ. ಆದರೆ ಬಡತನವೇ ತ್ಯಾಗವಲ್ಲ.

ಆ ಭೇದವನ್ನು ಮರೆತುದರ ಫಲವು ಸಮುದ್ರದಾಚೆ ಕಾಣಬಂದಿತು. 1882ರಿಂದ ಮೊದಲ್ಗೊಂಡು ಸಂಸ್ಥೆಯು ಮಕ್ಕಳನ್ನು ಗುಂಪುಗುಂಪಾಗಿ ಕೆನಡಾಕ್ಕೆ ಹಡಗಿನಲ್ಲಿ ಕಳುಹಿಸತೊಡಗಿತು. ಹಾಗೆ ಹೋದವರು ಸುಮಾರು 30,000 ಮಂದಿ. ಇತರ ಸಂಘಗಳವರು ಕಳುಹಿಸಿದವರೂ ಸೇರಿದರೆ ಈ ಸಂಖ್ಯೆಯು ಒಂದು ಲಕ್ಷವಾಗುತ್ತದೆ. ಹುಡುಗರು ಹೊಲಗಳಲ್ಲಿ ಆಳುಗಳಾದರು. ಹುಡುಗಿಯರು ಮನೆಗೆಲಸಕ್ಕೆ ನಿಂತರು. ಕೆಲವರಿಗೆ ಒಳ್ಳೆಯ ಯಜಮಾನರು ದೊರೆತರು. ಅನೇಕರಿಗೆ ಸಂಬಳವೂ ಇಲ್ಲ, ಶಾಲೆಯೂ ಇಲ್ಲ, ಪೆಟ್ಟು ಮಾತ್ರ ಉಂಟು. ಎರಡನೆಯ ಮಹಾಯುದ್ಧದ ಅನಂತರವೂ ಆಸ್ಟ್ರೇಲಿಯಾಕ್ಕೆ ಮಕ್ಕಳನ್ನು ಸಾಗಿಸುವುದು ನಿಲ್ಲಲಿಲ್ಲ. ತಂದೆತಾಯಿಗಳು ಜೀವಿಸಿದ್ದರೂ ಅವರು ಸತ್ತರೆಂದು ನಂಬಿಸಲ್ಪಟ್ಟವರು ಈ ಮಕ್ಕಳಲ್ಲಿ ಇದ್ದರು. ಸಾಮ್ರಾಜ್ಯವು ಪರರನ್ನು ಮಾತ್ರ ದುಡಿಸಿಕೊಂಡಿತೆಂದು ನಾವು ತಿಳಿದಿದ್ದೇವೆ. ತನ್ನ ಬಿಳಿಯ ವಸಾಹತುಗಳನ್ನು ತುಂಬಿಸಲು ಅದು ತನ್ನ ಬಡವರ ಕೂಸುಗಳನ್ನೂ ಬಿಡಲಿಲ್ಲ. ಧರ್ಮವು ಅದಕ್ಕೆ ಕೈಗೂಡಿಸಿತು. 2009ರಲ್ಲಿ ಆಸ್ಟ್ರೇಲಿಯಾದ ಪ್ರಧಾನಿ ಕೆವಿನ್ ರಡ್ಡರೂ, 2010ರಲ್ಲಿ ಬ್ರಿಟನ್ನಿನ ಪ್ರಧಾನಿ ಗಾರ್ಡನ್ ಬ್ರೌನರೂ ಈ ಅನ್ಯಾಯಕ್ಕಾಗಿ ಬಹಿರಂಗವಾಗಿ ಕ್ಷಮೆ ಬೇಡಿದರು. ಬದುಕಿ ಉಳಿದವರಿಗೆ ತಲಾ 20,000 ಪೌಂಡು ಪರಿಹಾರವನ್ನು ಬ್ರಿಟಿಷ್ ಸರ್ಕಾರವು ಕೊಟ್ಟುದು 2019ರಿಂದೀಚೆಗೆ. ಅಷ್ಟರಲ್ಲಿ ಬಹುಮಂದಿ ಕಣ್ಮುಚ್ಚಿದ್ದರು.

ಸರಿಯಾದ ಮಾರ್ಗವು ಸಂಸ್ಥೆಗೆ ತಿಳಿಯದೆ ಇದ್ದುದಲ್ಲ. ಮನೆಗೆಲಸದಲ್ಲಿದ್ದ ಅವಿವಾಹಿತ ತಾಯಂದಿರು ತಮ್ಮ ಕೂಸನ್ನು ಸಮೀಪದ ಸಾಕುಮನೆಯಲ್ಲಿಟ್ಟು, ಖರ್ಚಿಗೆ ಸಂಸ್ಥೆಯಿಂದ ಸಹಾಯ ಪಡೆಯುವ ಏರ್ಪಾಡನ್ನು ಬರ್ನಾರ್ಡೊವೇ ಮಾಡಿದ್ದನು. ತಾಯಿಯ ಜೀವನೋಪಾಯವೂ ಉಳಿಯಿತು, ತಾಯಿಮಕ್ಕಳ ಸಂಬಂಧವೂ ಉಳಿಯಿತು. ಆದರೆ ದೊಡ್ಡ ಕಟ್ಟಡಗಳ ವೈಭವದ ಮುಂದೆ ಈ ಸಣ್ಣ ಏರ್ಪಾಡು ದಾನಿಗಳ ಕಣ್ಣಿಗೆ ಬೀಳಲಿಲ್ಲ. ಬಾಂಬಿನ ಭಯದಿಂದ ಲಕ್ಷಾಂತರ ಮಕ್ಕಳನ್ನು 1939ರಲ್ಲಿ ಹಳ್ಳಿಗಳಿಗೆ ಕಳುಹಿಸಿದಾಗಲೇ, ಅಗಲಿಕೆಯು ಮಗುವಿನ ಮನಸ್ಸಿಗೆ ಮಾಡುವ ಗಾಯವನ್ನು ಆ ದೇಶವು ಮನಗಂಡಿತು. 1948ರ ಮಕ್ಕಳ ಕಾಯ್ದೆಯು, ಹಿತವಾಗುವಲ್ಲಿ ಮಗುವನ್ನು ಸ್ವಂತ ಕುಟುಂಬಕ್ಕೆ ಮರಳಿಸಲು ಯತ್ನಿಸುವುದು ಸ್ಥಳೀಯಾಡಳಿತದ ಕರ್ತವ್ಯವೆಂದು ವಿಧಿಸಿತು. ವಿಶ್ವ ಆರೋಗ್ಯ ಸಂಸ್ಥೆಗಾಗಿ ಜಾನ್ ಬೌಲ್ಬಿ 1951ರಲ್ಲಿ ಬರೆದ ವರದಿಯು ಅದೇ ಅಭಿಪ್ರಾಯವನ್ನು ಪುಷ್ಟೀಕರಿಸಿತು. 1966ರಲ್ಲಿ ಸಂಸ್ಥೆಯು ತನ್ನ ಹೆಸರಿನಿಂದ ‘ಗೃಹಗಳು’ ಎಂಬ ಪದವನ್ನೇ ಬಿಟ್ಟಿತು. ಹಳೆಯ ವಸತಿಗೃಹಗಳು ಒಂದೊಂದಾಗಿ ಮುಚ್ಚಿದುವು. ಕಷ್ಟದಲ್ಲಿರುವ ಕುಟುಂಬಗಳಿಗೆ ಸಲಹೆ ಸಹಾಯ, ಸಾಕುಮನೆಗಳ ಏರ್ಪಾಡು, ರೋಗಿಗಳಾದ ತಂದೆತಾಯಿಗಳನ್ನು ನೋಡಿಕೊಳ್ಳುವ ಎಳೆಯರಿಗೆ ಬೆಂಬಲ, ದೌರ್ಜನ್ಯಕ್ಕೊಳಗಾದ ಮಕ್ಕಳ ಶುಶ್ರೂಷೆ, ಇವೇ ಈಗ ಅದರ ಕಾರ್ಯಗಳು.

ಈ ಚರಿತ್ರೆಯು ನಮಗೇಕೆಂದು ವಾಚಕರು ಕೇಳಬಹುದು. ಅಲ್ಲಿ ಅನುಭವದಿಂದ ಕಲಿತುದನ್ನು ನಮ್ಮ ದೇಶವು ಶಾಸನದಲ್ಲಿ ಬರೆದಿಟ್ಟಿದೆಯೆಂಬುದೇ ಉತ್ತರ. ಮಗುವಿನ ಪೋಷಣೆಯ ಮೊದಲ ಹೊಣೆ ಕುಟುಂಬದ್ದು, ಸಂಸ್ಥೆಗೆ ಸೇರಿಸುವುದು ಕಟ್ಟಕಡೆಯ ಉಪಾಯವೆಂದು 2015ರ ಬಾಲನ್ಯಾಯ ಕಾಯ್ದೆಯು ಹೇಳುತ್ತದೆ. ಮಗುವನ್ನು ಮನೆಯಲ್ಲಿಯೇ ಉಳಿಸಿಕೊಳ್ಳಲು ಬಡಕುಟುಂಬಕ್ಕೆ ತಿಂಗಳಿಗೆ 4,000 ರೂಪಾಯಿ ಕೊಡುವ ಪ್ರಾಯೋಜಕತ್ವವು 2022ರ ‘ಮಿಷನ್ ವಾತ್ಸಲ್ಯ’ದ ನಿಯಮಗಳಲ್ಲಿದೆ. ಆದರೆ ಶಾಸನವು ತಾನಾಗಿ ನಡೆಯುವುದಿಲ್ಲ. ಅಧಿಕಾರಿಗಳು ಮನೆಯ ಬಾಗಿಲಿಗೆ ಹೋಗಿ ವಿಚಾರಿಸಿದರೆ ನಡೆಯುತ್ತದೆ. ಕಡತದಲ್ಲಿ ಸಹಿ ಮಾಡಿ ಮಗುವನ್ನು ಆಶ್ರಮಕ್ಕೆ ಕಳುಹಿಸಿದರೆ ನಿಲ್ಲುತ್ತದೆ.

ಎಲ್ಲ ಮನೆಗಳೂ ಮಕ್ಕಳಿಗೆ ಸುರಕ್ಷಿತವಲ್ಲವೆಂಬುದನ್ನು ನಾವು ಬಲ್ಲೆವು. ಹೊಡೆದು ಬಡಿಯುವ, ಮಾರುವ, ಕೆಡಿಸುವ ಕೈಗಳಿಂದ ಮಗುವನ್ನು ತಡಮಾಡದೆ ಬಿಡಿಸತಕ್ಕದ್ದೇ. ಯಾರೂ ಇಲ್ಲದವರಿಗೆ ಆಶ್ರಯವೂ ಬೇಕು. ನಮ್ಮ ಆಕ್ಷೇಪಣೆಯು ಅನಾಥಾಲಯಗಳ ಮೇಲಲ್ಲ. ತಂದೆಯೋ ತಾಯಿಯೋ ಇರುವ ಮಗುವನ್ನು ಹೊಟ್ಟೆಗಿಲ್ಲವೆಂಬ ಒಂದೇ ಕಾರಣದಿಂದ ಅನಾಥನನ್ನಾಗಿ ಮಾಡುವ ಅಭ್ಯಾಸದ ಮೇಲೆ.

ದಾನಿಗಳಲ್ಲಿ ನಮ್ಮ ವಿಜ್ಞಾಪನೆ ಇಷ್ಟೆ. ಹುಟ್ಟುಹಬ್ಬ, ಪುಣ್ಯತಿಥಿಗಳಂದು ಅನಾಥಾಲಯಕ್ಕೆ ಊಟ ಬಟ್ಟೆಗಳನ್ನು ಕೊಡುವುದು ಒಳ್ಳೆಯದು. ಕೊಡುವಾಗ, ಈ ಮಕ್ಕಳಲ್ಲಿ ಎಷ್ಟು ಮಂದಿಗೆ ತಂದೆತಾಯಿಗಳಿದ್ದಾರೆ, ಅವರನ್ನು ಮನೆಗೆ ಸೇರಿಸಲು ಏನು ಪ್ರಯತ್ನ ನಡೆದಿದೆ ಎಂದು ವ್ಯವಸ್ಥಾಪಕರನ್ನು ಕೇಳಿರಿ. ಕೇಳುವ ಹಕ್ಕು ದಾನಿಗಳಿಗುಂಟು. ಲಂಡನ್ನಿನ ದಾನಿಗಳು ನೂರು ವರ್ಷ ಮೊದಲೇ ಈ ಪ್ರಶ್ನೆಯನ್ನು ಕೇಳಿದ್ದರೆ ಅಷ್ಟು ಹಡಗುಗಳು ಹೊರಡುತ್ತಿರಲಿಲ್ಲ.