ಚಂದ್ರನಿಗೆ ಹೊರಟ ಬೂದಿ

1997ರ ಜುಲೈಯಲ್ಲಿ ಆಸ್ಟ್ರೇಲಿಯಾದ ಒಳನಾಡಿನ ಮಣ್ಣುರಸ್ತೆಯೊಂದರಲ್ಲಿ ಎರಡು ವಾಹನಗಳು ಡಿಕ್ಕಿಯಾಗಿ ಯೂಜೀನ್ ಶೂಮೇಕರ್ ತೀರಿಕೊಂಡರು. ಉಲ್ಕೆ ಬಿದ್ದು ಆದ ಕುಳಿಗಳನ್ನು ಹುಡುಕುತ್ತ ಅಲ್ಲಿಗೆ ಹೋಗಿದ್ದ ಅಮೆರಿಕದ ಭೂವಿಜ್ಞಾನಿ ಅವರು. 1994ರಲ್ಲಿ ಗುರುಗ್ರಹಕ್ಕೆ ಅಪ್ಪಳಿಸಿದ ಶೂಮೇಕರ್–ಲೆವಿ ಧೂಮಕೇತುವಿನ ಹೆಸರಿನ ಮೊದಲ ಭಾಗ ಬಂದಿದ್ದು ಅವರಿಂದ ಮತ್ತು ಅವರ ಪತ್ನಿಯಿಂದ. ಅಪೊಲೊ ಗಗನಯಾತ್ರಿಗಳಿಗೆ ಕಲ್ಲುಮಣ್ಣಿನ ಪಾಠ ಹೇಳಿದವರೂ ಅವರೇ. ತಾವೇ ಚಂದ್ರನ ಮೇಲೆ ನಡೆಯಬೇಕೆಂಬ ಆಸೆಗೆ ಅಡಿಸನ್ಸ್ ಕಾಯಿಲೆ ಅಡ್ಡ ಬಂದಿತ್ತು.

ಬದುಕಿದ್ದಾಗ ಆಗದ್ದನ್ನು ಸತ್ತ ಮೇಲಾದರೂ ನಡೆಸಿಕೊಡೋಣ ಎಂದು ಅವರ ಶಿಷ್ಯೆ, ಗ್ರಹವಿಜ್ಞಾನಿ ಕ್ಯಾರೊಲಿನ್ ಪೋರ್ಕೊ ಓಡಾಡಿದರು. ನಾಸಾ ಒಪ್ಪಿತು. ಬೆರಳುದ್ದದ ಕೊಳವೆಯಲ್ಲಿ ಸ್ವಲ್ಪ ಚಿತಾಭಸ್ಮ. ಅದಕ್ಕೆ ಸುತ್ತಿದ ಹಿತ್ತಾಳೆ ಹಾಳೆಯ ಮೇಲೆ ಒಂದು ಧೂಮಕೇತುವಿನ ಚಿತ್ರ, ಅರಿಜೋನಾದ ಉಲ್ಕಾಕುಳಿಯ ಚಿತ್ರ, ಜೊತೆಗೆ ಷೇಕ್ಸ್‌ಪಿಯರನ ಕೆಲವು ಸಾಲು. ಕೊಳವೆ ಒದಗಿಸಿದ್ದು ಸೆಲೆಸ್ಟಿಸ್ ಎಂಬ ಕಂಪನಿ. ಸತ್ತವರ ಬೂದಿಯನ್ನು ಬಾಹ್ಯಾಕಾಶಕ್ಕೆ ಕಳಿಸಿಕೊಡುವುದೇ ಅದರ ವ್ಯಾಪಾರ. 1998ರ ಜನವರಿಯಲ್ಲಿ ಲೂನಾರ್ ಪ್ರಾಸ್ಪೆಕ್ಟರ್ ನೌಕೆ ಅದನ್ನು ಹೊತ್ತು ಹೊರಟಿತು.

ನವಾಹೊ ಜನರಿಂದ ತಕರಾರು ಬಂದಿದ್ದು ಆಗ. ತಮ್ಮನ್ನು ದಿನೆ ಎಂದು ಕರೆದುಕೊಳ್ಳುವ ಈ ಜನರ ಸ್ವಾಯತ್ತ ನಾಡು ಅರಿಜೋನಾ, ನ್ಯೂ ಮೆಕ್ಸಿಕೊ, ಯೂಟಾ ರಾಜ್ಯಗಳಲ್ಲಿ ಹಬ್ಬಿದೆ. ಅದರ ಅಂದಿನ ಅಧ್ಯಕ್ಷ ಆಲ್ಬರ್ಟ್ ಹೇಲ್, ಚಂದ್ರ ತಮಗೆ ಪವಿತ್ರ, ಅಲ್ಲಿ ಹೆಣದ ಬೂದಿ ಹಾಕುವುದು ಅಪಚಾರ ಎಂದರು. ಚಿತಾಭಸ್ಮವನ್ನು ಶ್ರೀರಂಗಪಟ್ಟಣದ ಪಶ್ಚಿಮವಾಹಿನಿಯಲ್ಲೋ ಗೋಕರ್ಣದಲ್ಲೋ ಬಿಟ್ಟು ಬರುವ ನಮಗೆ ಇದು ತಟ್ಟನೆ ಅರ್ಥವಾಗಲಿಕ್ಕಿಲ್ಲ. ಪುಣ್ಯಜಲದಲ್ಲಿ ಬೂದಿ ಬಿಟ್ಟರೆ ನಮ್ಮಲ್ಲಿ ನೀರು ಮೈಲಿಗೆಯಾಗುವುದಿಲ್ಲ, ಸತ್ತವರಿಗೆ ಸದ್ಗತಿಯಾಗುತ್ತದೆ. ನವಾಹೊಗಳ ರೂಢಿ ಬೇರೆ: ಸಾವಿಗೆ ಸೇರಿದ್ದನ್ನು ಬದುಕಿರುವವರ ಲೋಕದಿಂದ ಆದಷ್ಟು ದೂರ ಇಡಬೇಕು. ಆ ಲೋಕದಲ್ಲಿ ಚಂದ್ರನೂ ಇದ್ದಾನೆ.

ಶೂಮೇಕರ್ ಈ ನೆಲಕ್ಕೆ ಅಪರಿಚಿತರೇನಲ್ಲ. ಅವರು ವೃತ್ತಿ ಶುರುಮಾಡಿದ್ದು ಕೊಲರಾಡೊ ಪ್ರಸ್ಥಭೂಮಿಯಲ್ಲಿ ಯುರೇನಿಯಂ ನಿಕ್ಷೇಪ ಹುಡುಕುವ ಸರ್ಕಾರಿ ಕೆಲಸದಿಂದ. ನವಾಹೊ ನಾಡಿನೊಳಗಿನ ಹೋಪಿ ಬ್ಯೂಟ್ಸ್‌ನ ಜ್ವಾಲಾಮುಖಿ ಕುಳಿಗಳನ್ನೂ ಅವರು ಅಧ್ಯಯನ ಮಾಡಿದ್ದರು. 1944ರಿಂದ 1986ರವರೆಗೆ ಈ ನಾಡಿನಿಂದ ತೆಗೆದ ಯುರೇನಿಯಂ ಅದಿರು ಸುಮಾರು 3 ಕೋಟಿ ಟನ್. ಮುಚ್ಚದೆ ಬಿಟ್ಟುಹೋದ ಗಣಿಗಳು 500ಕ್ಕೂ ಹೆಚ್ಚು. ಇದಕ್ಕೆಲ್ಲ ಒಬ್ಬ ಭೂವಿಜ್ಞಾನಿಯನ್ನು ಹೊಣೆ ಮಾಡುವುದು ಅನ್ಯಾಯ. ಆದರೆ ಕೇಳದೆ ಅಗೆದವರೇ ಈಗ ಕೇಳದೆ ಮೇಲೇರುತ್ತಿದ್ದಾರೆ ಎಂದು ಅಲ್ಲಿಯವರಿಗೆ ಅನ್ನಿಸಿದ್ದರೆ ಅದರಲ್ಲಿ ಆಶ್ಚರ್ಯವಿಲ್ಲ.

ನಾಸಾ ಕ್ಷಮೆ ಕೇಳಿತು. ಮುಂದೆ ಇಂಥದ್ದೇನಾದರೂ ಮಾಡುವುದಾದರೆ ಮೂಲನಿವಾಸಿಗಳನ್ನು ಕೇಳಿಯೇ ಮಾಡುತ್ತೇವೆ ಎಂದೂ ಹೇಳಿತು. ನೌಕೆಯನ್ನು ವಾಪಸು ಕರೆಸುವಂತಿರಲಿಲ್ಲ. 1999ರ ಜುಲೈ 31ರಂದು ವಿಜ್ಞಾನಿಗಳು ಅದನ್ನು ಬೇಕೆಂದೇ ಚಂದ್ರನ ದಕ್ಷಿಣ ಧ್ರುವದ ಬಳಿಯ ಕುಳಿಯೊಂದಕ್ಕೆ ಬೀಳಿಸಿದರು. ನೀರಾವಿ ಏಳುತ್ತದೇನೋ ಎಂದು ದೂರದರ್ಶಕಗಳು ಕಾದವು, ಏನೂ ಕಾಣಲಿಲ್ಲ. ಆ ಕುಳಿಗೆ ಈಗ ಶೂಮೇಕರ್ ಎಂದೇ ಹೆಸರು.

ಕಾಲು ಶತಮಾನ ಕಳೆಯುವುದರೊಳಗೆ ನಾಸಾ ಕೊಟ್ಟ ಆ ಮಾತು ಎಲ್ಲಿ ಹೋಯಿತು? ಯಾರೂ ಅದನ್ನು ಮುರಿಯಲಿಲ್ಲ ಎನ್ನುವುದೇ ಇದರ ವಿಚಿತ್ರ. ಈ ನಡುವೆ ನಾಸಾ ಚಂದ್ರನಿಗೆ ಸಾಮಾನು ಸಾಗಿಸುವ ಕೆಲಸವನ್ನು ಖಾಸಗಿಯವರಿಗೆ ಗುತ್ತಿಗೆ ಕೊಟ್ಟಿತು. ಪಿಟ್ಸ್‌ಬರ್ಗಿನ ಆಸ್ಟ್ರೊಬಾಟಿಕ್ ಕಂಪನಿಯ ಪೆರೆಗ್ರಿನ್ ನೌಕೆಗೆ 10 ಕೋಟಿ ಡಾಲರಿಗೂ ಹೆಚ್ಚು ಬಾಡಿಗೆ ತೆತ್ತು ತನ್ನ ಉಪಕರಣಗಳನ್ನು ಇಟ್ಟಿತು. ಅದೇ ನೌಕೆಯಲ್ಲಿ ಜಾಗ ಕೊಂಡವರಲ್ಲಿ ಸೆಲೆಸ್ಟಿಸ್ ಕೂಡ ಒಬ್ಬ ಗಿರಾಕಿ. ಈ ಸಲ ಒಬ್ಬ ವಿಜ್ಞಾನಿಯದಲ್ಲ, ಹಣ ಕಟ್ಟಿದ ಹಲವರ ಬೂದಿ. ನವಾಹೊ ಅಧ್ಯಕ್ಷ ಬೂ ನೈಗ್ರೆನ್ 2023ರ ಡಿಸೆಂಬರಿನಲ್ಲಿ ಹಳೆಯ ಮಾತು ನೆನಪಿಸಿ, ಉಡಾವಣೆ ಮುಂದೂಡಿ ಎಂದು ಪತ್ರ ಬರೆದರು. ನೌಕೆ ನಮ್ಮದಲ್ಲ, ಬೇರೆಯವರು ಏನು ಹೇರುತ್ತಾರೆ ಎಂಬುದು ನಮ್ಮ ಕೈಯಲ್ಲಿಲ್ಲ ಎಂದಿತು ನಾಸಾ. ಉಡಾವಣೆಗೆ ಪರವಾನಗಿ ಕೊಡುವ ಇಲಾಖೆ ನೋಡುವುದು ಸುರಕ್ಷತೆ, ದೇಶದ ಭದ್ರತೆ, ವಿದೇಶಾಂಗ ನೀತಿಯಂಥವನ್ನು. ಜನರ ನಂಬಿಕೆಗೆ ಧಕ್ಕೆಯಾಗುತ್ತದೆಯೇ ಎಂದು ಕೇಳುವ ಕಾಲಂ ಆ ಅರ್ಜಿಯಲ್ಲಿಲ್ಲ.

ಸೆಲೆಸ್ಟಿಸ್‌ನವರ ವಾದ ನೇರವಾಗಿತ್ತು: ಯಾವುದೋ ಒಂದು ಧರ್ಮದ ನಂಬಿಕೆಗಾಗಿ ಬಾಹ್ಯಾಕಾಶ ಯೋಜನೆ ನಿಲ್ಲಬಾರದು. ಕೇಳಲು ನ್ಯಾಯವೇ. ಆದರೆ ಸತ್ತವರ ಬೂದಿಯನ್ನು ಚಂದ್ರನಿಗೆ ಒಯ್ಯುವುದು ಏನು, ವಿಜ್ಞಾನವೇ? ಅದೂ ಒಂದು ಅಂತ್ಯಕ್ರಿಯೆ. ಎರಡು ಕಡೆಯೂ ಇದ್ದದ್ದು ಸಾವಿನ ಸಂಸ್ಕಾರದ ಪ್ರಶ್ನೆ. ಒಂದಕ್ಕೆ ಧರ್ಮ ಎಂಬ ಚೀಟಿ ಅಂಟಿತು, ಇನ್ನೊಂದು ಸೇವೆ ಎಂಬ ಹೆಸರಲ್ಲಿ ದಾಟಿಹೋಯಿತು. ಮಾನವಶಾಸ್ತ್ರಜ್ಞರು ಬೆರಳಿಟ್ಟು ತೋರಿಸುವುದು ಇಂಥ ಕಡೆ. ಖಾಸಗಿ ಬಾಹ್ಯಾಕಾಶ ಉದ್ಯಮಿಗಳ ನಡುವೆ ಓಡಾಡಿ ಅಧ್ಯಯನ ಮಾಡಿದ ಡೇವಿಡ್ ವ್ಯಾಲಂಟೈನ್, ಅವರನ್ನು ಬರೀ ಲಾಭದ ಲೆಕ್ಕದಿಂದ ಅರ್ಥಮಾಡಿಕೊಳ್ಳಲಾಗದು ಎನ್ನುತ್ತಾರೆ. ಮನುಷ್ಯಕುಲದ ಭವಿಷ್ಯ ಆಕಾಶದಲ್ಲಿದೆ ಎಂಬ ಗಾಢ ನಂಬಿಕೆ ಅವರದು. ಗ್ರಹವಿಜ್ಞಾನಿಗಳ ಜೊತೆಗಿದ್ದು 2016ರಲ್ಲಿ ಪುಸ್ತಕ ಬರೆದ ಲೀಸಾ ಮೆಸ್ಸೆರಿ ಇನ್ನೊಂದು ಕಡೆಯಿಂದ ಬರುತ್ತಾರೆ: ನಕ್ಷೆ ಬರೆದು, ಚಿತ್ರ ಜೋಡಿಸಿ, ವಿಜ್ಞಾನಿಗಳು ದೂರದ ಗ್ರಹಗಳನ್ನು ತಮಗೆ ಪರಿಚಿತ ಸ್ಥಳಗಳಾಗಿ ಮಾಡಿಕೊಳ್ಳುತ್ತಾರೆ. ವಿಜ್ಞಾನಿಗಳು ಈಗ ಮಾಡುತ್ತಿರುವುದನ್ನು ನವಾಹೊಗಳು ಎಂದೋ ಮಾಡಿ ಮುಗಿಸಿದ್ದರು ಎನ್ನಬಹುದು.

ಇದಕ್ಕೆ ಕಾನೂನು ಇಲ್ಲವೆಂದಲ್ಲ. 1967ರ ಬಾಹ್ಯಾಕಾಶ ಒಪ್ಪಂದದ 6ನೇ ವಿಧಿಯ ಪ್ರಕಾರ ಖಾಸಗಿಯವರು ಮಾಡಿದ್ದಕ್ಕೂ ಅವರ ದೇಶವೇ ಹೊಣೆ. 9ನೇ ವಿಧಿ ಇತರ ದೇಶಗಳ ಹಿತಾಸಕ್ತಿಯನ್ನು ಗಮನದಲ್ಲಿಡಬೇಕು ಎನ್ನುತ್ತದೆ. ಗಮನಿಸಿ, ದೇಶಗಳ ಹಿತಾಸಕ್ತಿ. ದೇಶದೊಳಗಿನ ಒಂದು ಜನಾಂಗ ತನ್ನ ಸರ್ಕಾರದ ಮೇಲೆಯೇ ದೂರು ಹೇಳುವುದಾದರೆ ಈ ಒಪ್ಪಂದದಲ್ಲಿ ಅದಕ್ಕೆ ಬಾಗಿಲಿಲ್ಲ. ಚಂದ್ರ ನಮ್ಮದು ಎಂದು ನವಾಹೊಗಳು ಹೇಳಿದ್ದರೆ ವಕೀಲರು ಉತ್ತರ ಕೊಡುತ್ತಿದ್ದರು, ಏಕೆಂದರೆ ಒಡೆತನವನ್ನು 2ನೇ ವಿಧಿ ನಿಷೇಧಿಸಿದೆ. ಅವರು ಹೇಳಿದ್ದು ನಂಟಿನ ಮಾತು.

ಪೆರೆಗ್ರಿನ್ ಚಂದ್ರನನ್ನು ಮುಟ್ಟಲೇ ಇಲ್ಲ. 2024ರ ಜನವರಿ 8ರಂದು ಹಾರಿದ ಕೆಲವೇ ಗಂಟೆಗಳಲ್ಲಿ ಇಂಧನ ಸೋರಿತು. ಹತ್ತು ದಿನದ ನಂತರ ನೌಕೆ ಭೂಮಿಗೆ ಮರಳಿ ದಕ್ಷಿಣ ಪೆಸಿಫಿಕ್ ಸಾಗರದ ಮೇಲೆ ಸುಟ್ಟುಹೋಯಿತು. ಇದನ್ನು ದೈವನಿರ್ಣಯ ಎಂದವರಿದ್ದರು. ನನಗೆ ಹಾಗನ್ನಿಸುವುದಿಲ್ಲ. ಸೋರಿಕೆಯಿಂದ ತಪ್ಪಿದ್ದನ್ನು ಯಾರೋ ಕೇಳಿ ಒಪ್ಪಿದ್ದರಿಂದ ತಪ್ಪಿದ್ದು ಎನ್ನಲಾಗದು.

ಅಮೆರಿಕ ಮುಂದಾಗಿ ರೂಪಿಸಿದ ಆರ್ಟೆಮಿಸ್ ಒಡಂಬಡಿಕೆಗೆ ಭಾರತ 2023ರ ಜೂನ್‌ನಲ್ಲಿ ಸಹಿ ಹಾಕಿದೆ. ಅದರಲ್ಲಿ ಪರಂಪರೆಯ ರಕ್ಷಣೆಗೇ ಒಂದು ಭಾಗವಿದೆ. ಕಾಪಾಡಬೇಕಾದ್ದು ನೌಕೆಗಳು ಇಳಿದ ಚಾರಿತ್ರಿಕ ಜಾಗಗಳನ್ನು, ಅಲ್ಲಿ ಉಳಿದ ಯಂತ್ರಗಳನ್ನು. ಅಂದರೆ ಚಂದ್ರನ ಪರಂಪರೆ ಶುರುವಾಗುವುದು ಮನುಷ್ಯ ಅಲ್ಲಿಗೆ ಯಂತ್ರ ಕಳಿಸಿದ ಮೇಲೆ. ಅದೇ ವರ್ಷ ಬಂದ ನಮ್ಮ ಬಾಹ್ಯಾಕಾಶ ನೀತಿಯೂ ಖಾಸಗಿಯವರಿಗೆ ಬಾಗಿಲು ತೆರೆದಿದೆ, ಬೆಂಗಳೂರಿನಲ್ಲೇ ಅಂಥ ಹಲವು ಕಂಪನಿಗಳು ಕೆಲಸ ನಡೆಸಿವೆ. ನಾಳೆ ಅವುಗಳಲ್ಲೊಂದರ ನೌಕೆಯಲ್ಲಿ ಯಾರದೋ ಬೂದಿ ಹೊರಟರೆ, ಬೇಡ ಎನ್ನುವವರು ಯಾವ ಕಚೇರಿಗೆ ಅರ್ಜಿ ಕೊಡಬೇಕು?