ರಸಬಾಳೆ ಏಕೆ ಸೊರಗಿತು? ನಂಬಿಕೆ ಮತ್ತು ವೈಜ್ಞಾನಿಕ ವಿಧಾನ



ತಾಂಡ್ಯ, ನಂಜನಗೂಡು, ತಿರುಮಕೂಡಲು ನರಸೀಪುರ ಸೀಮೆಯವರಾದ ನಿಮಗೆ ರಸಬಾಳೆಯ ರುಚಿಯನ್ನು ವರ್ಣಿಸಬೇಕಾಗಿಲ್ಲ. ಒಂದು ಕಾಲಕ್ಕೆ ನಂಜನಗೂಡಿನ ಸುತ್ತ ಹೇರಳವಾಗಿದ್ದ ಈ ಬಾಳೆ ಇಂದು ವಿರಳವಾಗಿದೆ. ಇದಕ್ಕೆ ಮುಖ್ಯ ಕಾರಣಗಳಲ್ಲೊಂದು ಪನಾಮಾ ಸೊರಗು ರೋಗ. ಮೊದಲು ಕೆಳಗಿನ ಎಲೆಗಳು ಹಳದಿಯಾಗಿ ಜೋತು ಬೀಳುತ್ತವೆ. ಗಡ್ಡೆಯನ್ನು ಕೊಯ್ದರೆ ಒಳಗೆ ಕೆಂಗಂದು ಬಣ್ಣ ಕಾಣುತ್ತದೆ.

ಗಿಡ ಸೊರಗಿದ್ದು ಏಕೆ? ದೇವರ ಇಚ್ಛೆ ಎಂದು ಸುಮ್ಮನಾದ ರೈತ ರೋಗ ತಗುಲಿದ ಬುಡದ ಕಂದನ್ನೇ ಅದೇ ನೆಲದಲ್ಲಿ ನೆಟ್ಟರೆ ಮುಂದಿನ ಬೆಳೆಯನ್ನೂ ಕಳೆದುಕೊಳ್ಳುತ್ತಾನೆ. ಜೀವಶಾಸ್ತ್ರಜ್ಞ ಬೇರೆ ಹಾದಿ ಹಿಡಿಯುತ್ತಾನೆ. ಮೊದಲು ಲಕ್ಷಣಗಳನ್ನು ಗಮನಿಸುತ್ತಾನೆ. ಅನಂತರ, ಮಣ್ಣಿನ ಶಿಲೀಂಧ್ರವೊಂದು ಕಾರಣವಿರಬಹುದೆಂದು ಊಹಿಸುತ್ತಾನೆ. ಪರೀಕ್ಷೆಗೆ ಒಳಪಡಿಸಬಹುದಾದ ಇಂತಹ ಊಹೆಗೆ ಪ್ರಾಕ್ಕಲ್ಪನೆ ಎಂದು ಹೆಸರು. ಬಳಿಕ ಆರೋಗ್ಯವಂತ ಕಂದುಗಳನ್ನು ಎರಡು ಗುಂಪು ಮಾಡಿ, ಒಂದೇ ಪ್ರಮಾಣದ ನೀರು, ಗೊಬ್ಬರ ಕೊಟ್ಟು, ಒಂದು ಗುಂಪಿನ ಮಣ್ಣಿಗೆ ಮಾತ್ರ ಶಿಲೀಂಧ್ರವನ್ನು ಸೇರಿಸುತ್ತಾನೆ. ಆ ಗುಂಪು ಮಾತ್ರ ಸೊರಗಿ, ಅದರಿಂದ ಅದೇ ಶಿಲೀಂಧ್ರ ಮತ್ತೆ ದೊರೆತರೆ ಊಹೆಗೆ ಬಲ ಬರುತ್ತದೆ. ಎರಡೂ ಸೊರಗಿದರೆ ಊಹೆಯನ್ನು ಬದಲಿಸಬೇಕು.

ಫ್ಯುಸೇರಿಯಂ ಎಂಬ ಶಿಲೀಂಧ್ರವೇ ಇದಕ್ಕೆ ಕಾರಣವೆಂದು ತಿಳಿದದ್ದು ಇಂತಹ ಪರೀಕ್ಷೆಗಳಿಂದಲೇ. ಅದು ಬೇರಿನ ಮೂಲಕ ಹೊಕ್ಕು ನೀರಿನ ನಾಳಗಳನ್ನು ಕಟ್ಟಿಹಾಕುತ್ತದೆ. ಮಣ್ಣಿನಲ್ಲಿ ಹಲವು ವರ್ಷ ಬದುಕಿರಬಲ್ಲದು. ರೋಗವಿಲ್ಲದ ಕಂದು, ರೋಗವಿಲ್ಲದ ನೆಲ ಬೇಕೆನ್ನುವುದು ಈ ಕಾರಣದಿಂದ.

ಹಾಗಾದರೆ ದೇವರನ್ನು ನಂಬುವವನು ಈ ಹಾದಿಯಲ್ಲಿ ನಡೆಯಬಹುದೇ? ಕ್ರೈಸ್ತ ಚಿಂತನೆಯಲ್ಲಿ ಇದಕ್ಕೊಂದು ಉತ್ತರವಿದೆ. ಸೃಷ್ಟಿಯಲ್ಲಿ ಒಂದು ಕ್ರಮವಿದೆ. ಆದರೆ ದೇವರು ಅದನ್ನು ತನ್ನ ಇಚ್ಛೆಯಂತೆ ರೂಪಿಸಿದ್ದರಿಂದ, ಅದು ಹೇಗಿದೆ ಎಂಬುದನ್ನು ಕುಳಿತಲ್ಲೇ ಯೋಚಿಸಿ ತಿಳಿಯಲಾಗದು, ಹೋಗಿ ನೋಡಬೇಕು. ಮನುಷ್ಯನ ಬುದ್ಧಿ ತಪ್ಪಬಲ್ಲದು, ಆದ್ದರಿಂದ ಪರೀಕ್ಷಿಸಬೇಕು.

ಬ್ರನೋ ನಗರದ ಮಠದಲ್ಲಿದ್ದ ಸಂನ್ಯಾಸಿ ಗ್ರೆಗರ್ ಮೆಂಡೆಲ್ 1856ರಿಂದ 1863ರವರೆಗೆ ಬಟಾಣಿ ಗಿಡಗಳ ಮೇಲೆ ಪ್ರಯೋಗ ನಡೆಸಿದರು. ದುಂಡು ಬೀಜದ ಗಿಡವನ್ನೂ ಸುಕ್ಕು ಬೀಜದ ಗಿಡವನ್ನೂ ಸಂಕರಿಸಿದಾಗ ಮೊದಲ ಪೀಳಿಗೆಯ ಬೀಜಗಳೆಲ್ಲ ದುಂಡಾಗಿದ್ದವು. ಎರಡನೆಯದರಲ್ಲಿ 5,474 ದುಂಡು, 1,850 ಸುಕ್ಕು ಬೀಜಗಳು; ಅಂದರೆ ಸುಮಾರು 3:1. ಈ ಅನುಪಾತ ಅವರಿಗೆ ಧರ್ಮಗ್ರಂಥದಿಂದ ಸಿಗಲಿಲ್ಲ, ಎಣಿಕೆಯಿಂದ ಸಿಕ್ಕಿತು. 1900ರಲ್ಲಿ ಬೇರೆ ವಿಜ್ಞಾನಿಗಳಿಗೂ ಅದೇ ಕಂಡಿತು. ಎಣಿಸುವವನ ಮತ ಯಾವುದಾದರೂ ಬಟಾಣಿಯ ಲೆಕ್ಕ ಬದಲಾಗದು.

ನಮ್ಮ ರಾಜ್ಯದಲ್ಲೂ ಉದಾಹರಣೆಯಿದೆ. ಬೆಂಗಳೂರಿನ ಸೇಂಟ್ ಜೋಸೆಫ್ಸ್ ಕಾಲೇಜಿನಲ್ಲಿದ್ದ ಜೆಸ್ವಿಟ್ ಪಾದ್ರಿ ಸೆಸಿಲ್ ಸಲ್ಡಾನಾ ಅವರು ಸಸ್ಯಗಳನ್ನು ಸಂಗ್ರಹಿಸಿ, ಒಣಗಿಸಿ, ಹೋಲಿಸಿ, ಹೆಸರು ಗುರುತಿಸುವ ಕೆಲಸಕ್ಕೆ ತಮ್ಮನ್ನು ತೊಡಗಿಸಿಕೊಂಡಿದ್ದರು. ಹಾಸನ ಜಿಲ್ಲೆಯ ಸಸ್ಯಸಂಪತ್ತನ್ನು ಕುರಿತು ಡ್ಯಾನ್ ನಿಕೋಲ್ಸನ್ ಅವರೊಂದಿಗೆ ಸಂಪಾದಿಸಿದ ಗ್ರಂಥ 1976ರಲ್ಲಿ ಪ್ರಕಟವಾಯಿತು. ಒಣಗಿಸಿಟ್ಟ ಮಾದರಿಯನ್ನು ಯಾರು ಬೇಕಾದರೂ ತೆಗೆದು ನೋಡಿ, ಹೆಸರು ತಪ್ಪಾಗಿದ್ದರೆ ತಿದ್ದಬಹುದು.

ಇಲ್ಲಿ ಒಂದು ಎಚ್ಚರಿಕೆ ಬೇಕು. ಪ್ರಯೋಗಾಲಯ ದೇವರಿದ್ದಾನೆಂದಾಗಲಿ, ಇಲ್ಲವೆಂದಾಗಲಿ ತೀರ್ಮಾನಿಸದು. ಅಂತೆಯೇ, ಬಾಳೆ ಸೊರಗಿದ್ದೇಕೆ ಎಂಬ ಪ್ರಶ್ನೆಗೆ ಪ್ರಾರ್ಥನೆಯನ್ನು ಉತ್ತರವಾಗಿ ಬರೆಯಲಾಗದು.

ನೀವೂ ಮಾಡಿ ನೋಡಿ. ಎರಡು ಕುಂಡಗಳಲ್ಲಿ ಹತ್ತು ಹತ್ತು ಅವರೆ ಬೀಜ ಬಿತ್ತಿರಿ. ಒಂದನ್ನು ಬೆಳಕಿನಲ್ಲಿ, ಇನ್ನೊಂದನ್ನು ಕತ್ತಲೆಯಲ್ಲಿ ಇಡಿ, ಉಳಿದುದೆಲ್ಲ ಸಮನಾಗಿರಲಿ. ಏನಾಗಬಹುದೆಂಬುದನ್ನು ಮೊದಲೇ ಬರೆದಿಡಿ. ಹತ್ತು ದಿನಗಳ ನಂತರ ಮೊಳಕೆಗಳನ್ನು ಎಣಿಸಿ, ಎತ್ತರ ಅಳೆದು, ಬಣ್ಣ ಹೋಲಿಸಿ. ನಿಮ್ಮ ಊಹೆ ಸುಳ್ಳಾದರೆ ಅದನ್ನೂ ಹಾಗೆಯೇ ಬರೆಯಿರಿ.